ತೂತಿಲ್ಲದ ಡಬ್ಬಿ

ನಿವೃತ್ತಿಯಾದ ಮೇಲೆ ಗಂಡಸರು ಏನಾದರೊಂದನ್ನು ಹಿಡಿದುಕೊಳ್ಳುತ್ತಾರೆ. ಕೆಲವರು ದೇವಸ್ಥಾನದ ಜೀರ್ಣೋದ್ಧಾರ ಸಮಿತಿ ಹಿಡಿಯುತ್ತಾರೆ, ಕೆಲವರು ಪ್ರಾಣಾಯಾಮ ಅಂತ ಮೂಗು ಹಿಡಿಯುತ್ತಾರೆ, ಇನ್ನು ಕೆಲವರು ಸಾಂಬಾರಿನಲ್ಲಿ ತಪ್ಪು ಹಿಡಿಯುತ್ತಾರೆ. ನಮ್ಮವರು ಹಿಡಿದದ್ದು ಕೀಸುಳಿ. ಜೀವಮಾನವಿಡೀ ಬ್ಯಾಂಕಿನಲ್ಲಿ ಸಹಿ ಹಾಕಿದ ಕೈಗೆ ಹಲಸಿನ ಹಲಗೆ ಕೀಸುವ ಆಸೆ ಹುಟ್ಟಿತು. ಪೋರ್ಟಿಕೋದಲ್ಲಿ ಶುರುವಾದ ಕೆಲಸಕ್ಕೆ ಜಾಗ ಸಾಲದೆ ಕಾರು ಅಂಗಳಕ್ಕಿಳಿಯಿತು. ಮಳೆಗಾಲದಲ್ಲಿ ಕೆಲಸವೇ ಅಡುಗೆಮನೆಯ ಹಿಂದಿನ ಜಗಲಿಗೆ ಬಂತು. ಒಂದು ದಿನ ದೋಸೆಯಲ್ಲಿ ಏನೋ ಕರಕರ ಎಂದಿತು. ಅತ್ತೆ ನಾಲಿಗೆಯ ತುದಿಯಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ, "ಹಲಸಲ್ಲ, ಇದು ಸಾಗುವಾನಿ" ಅಂದರು.

"ಈ ಹುಡಿ ಇನ್ನು ಮನೆಯೊಳಗೆ ಬೇಡ" ಎಂದೆ. ಬೇರೆ ಯಾವ ಮಾತೂ ಒಂದೇ ಸಲಕ್ಕೆ ಕೇಳಿಸದ ಇವರಿಗೆ ಇದು ಕೇಳಿಸಿತು. ಹಿತ್ತಲಲ್ಲಿ ಕೆಂಪುಕಲ್ಲಿನ ಶೆಡ್ಡು ಕಟ್ಟಿಸುವ ಎಂದರೆ ಮೇಸ್ತ್ರಿ ಸಿಗಬೇಕಲ್ಲ. ನಮ್ಮ ಕಡೆ ಮಗಳಿಗೆ ಗಂಡು ಬೇಗ ಸಿಗಬಹುದು, ಮೇಸ್ತ್ರಿ ಸಿಗುವುದಿಲ್ಲ. ಆಗಲೇ ಇವರ ಕಣ್ಣು ಬೈಕಂಪಾಡಿಯ ಹಳೆ ಕಂಟೇನರ್ ಯಾರ್ಡಿನ ಕಡೆ ಹೋದದ್ದು.

ಮೂಲ್ಕಿಯ ಒಳಗಿನವರಾದ ನಮಗೆ ಕಂಟೇನರ್ ಹೊಸತಲ್ಲ. ಮಂಗಳೂರಿನ ಪಣಂಬೂರಿನಲ್ಲಿ ಬಂದರು ಉಂಟು, 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರು ಎನಿಸಿಕೊಂಡದ್ದು. ಕಾಫಿ, ಗೇರುಬೀಜದ ತಿರುಳು ಅಲ್ಲಿಂದ ಡಬ್ಬಿಯಲ್ಲಿ ಕುಳಿತೇ ಹೊರದೇಶಕ್ಕೆ ಹೋಗುವುದು. ಹೆದ್ದಾರಿಯಲ್ಲಿ ಅವುಗಳ ಹಿಂದೆ ಸಿಕ್ಕಿಬಿದ್ದು ಮದುವೆಯ ಮುಹೂರ್ತ ತಪ್ಪಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ. ಆದರೆ ಕಡಲು ಸುತ್ತಿ ಹಳತಾದದ್ದನ್ನು ಮಾರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗದೆ ಇದ್ದಿದ್ದರೆ ಒಳ್ಳೆಯದಿತ್ತು.

ಮುಂದೆ ದಿನಾ ಊಟದ ಹೊತ್ತಿಗೆ ಪಾಠ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್‌ಲೀನ್ ಎಂಬವನು ಅಮೆರಿಕದ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ 58 ಡಬ್ಬಿ ಕಳಿಸಿದನಂತೆ, ಅಲ್ಲಿಂದ ಲೋಕದ ವ್ಯಾಪಾರವೇ ಬದಲಾಯಿತಂತೆ.

"ಅವನಿಗೂ ರಿಟೈರ್ ಆಗಿತ್ತಾ?" ಎಂದು ಅತ್ತೆ ಕೇಳಿದರು.

"ಇಲ್ಲಮ್ಮಾ, ಅವನದ್ದು ಲಾರಿ ವ್ಯವಹಾರ."

"ಹಾಗಾದರೆ ಸರಿ. ಕೆಲಸ ಇದ್ದವನು."

ಹಳೆ ಡಬ್ಬಿ ಕೊಳ್ಳುವವರಿಗೆ ಒಂದು ಪರೀಕ್ಷೆ ಉಂಟು. ಒಳಗೆ ನಿಂತು ಹೊರಗಿನಿಂದ ಬಾಗಿಲು ಹಾಕಿಸುವುದು. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ತೂತು ಉಂಟು ಎಂದು ಅರ್ಥ. ಇವರು ಯಾರ್ಡಿನಲ್ಲಿ ಎಷ್ಟೋ ಡಬ್ಬಿಗಳ ಒಳಗೆ ನಿಂತು, ಕೊನೆಗೆ ಕತ್ತಲೆಂದರೆ ಕತ್ತಲೆ ಇರುವ ಒಂದನ್ನು ಆರಿಸಿದರು. ತೂತಿದ್ದದ್ದಕ್ಕೆ ಒಂದು ರೇಟು, ಇಲ್ಲದ್ದಕ್ಕೆ ಇನ್ನೊಂದು. ಲಕ್ಷದ ಮೇಲೆ ಕೊಟ್ಟು ಬಂದವರು ಮೆಟ್ಟಿಲಲ್ಲೇ ಸಾರಿದರು: "ಒಂದು ತೂತೂ ಇಲ್ಲ!" ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನಂತೂ ಮರೆತಿಲ್ಲ.

ಇಪ್ಪತ್ತಡಿ ಉದ್ದ, ಎಂಟಡಿ ಅಗಲ, ಎಂಟೂವರೆ ಅಡಿ ಎತ್ತರ. ಖಾಲಿಯೇ ಎರಡು ಟನ್ನಿಗೆ ಮೇಲೆ ಭಾರ. ಅದನ್ನು ಹೊತ್ತ ಟ್ರೇಲರ್ ನಮ್ಮ ಓಣಿಯ ಬಾಯಿಗೆ ಬಂದು ನಿಂತದ್ದು ನಿಂತೇಬಿಟ್ಟಿತು. ಆಚೆ ಮಾಷ್ಟ್ರ ಕಾಂಪೌಂಡು, ಈಚೆ ನಮ್ಮ ತೆಂಗು, ಮೇಲೆ ಜೋತುಬಿದ್ದ ಕರೆಂಟಿನ ವಯರು. ಲೈನ್‌ಮ್ಯಾನ್ ಬಂದು ವಯರು ಬಿಚ್ಚಿದ. ಹೈಡ್ರಾ ಕ್ರೇನ್ ಬಂತು. ಡಬ್ಬಿ ಸರಪಳಿಯಲ್ಲಿ ನೇತಾಡುತ್ತಾ ಓಣಿಯೊಳಗೆ ಬರುವಾಗ ಊರಿಗೂರೇ ಸೇರಿತ್ತು. ಕೇರಿಯ ಮಕ್ಕಳಿಗೆ ಅದು ಜಾತ್ರೆಯ ತೇರು. ಮಾಷ್ಟ್ರು ಮಾತ್ರ ಕಾಂಪೌಂಡಿನ ಆಚೆಯಿಂದ, "ಎಂಥ ಮಾರಾಯ್ರೆ, ಹಡಗು ಹಿಂದಿನಿಂದ ಬರ್ತದಾ?" ಎಂದು ಕೇಳಿದರು.

ಅತ್ತೆಯ ತಕರಾರು ಬೇರೆ. ಬಾಗಿಲು ತೆಂಕು ದಿಕ್ಕಿಗೆ ಬೇಡ. ಹೈಡ್ರಾದವ ಆ ಇಕ್ಕಟ್ಟಿನಲ್ಲಿ ಡಬ್ಬಿಯನ್ನು ಯಾವ ಕಡೆ ತಿರುಗಿಸಲಿಕ್ಕಾಯಿತೋ ಆ ಕಡೆ ತಿರುಗಿಸಿ ಇಳಿಸಿದ. ಬಾಗಿಲು ಸರೀ ತೆಂಕಿಗೆ ಬಂತು.

ಇಳಿಸಿದ್ದು ನಾಲ್ಕು ಮೂಲೆಗೆ ಕಟ್ಟಿಸಿದ್ದ ಕೆಂಪುಕಲ್ಲಿನ ಕುತ್ತಿಗಳ ಮೇಲೆ. ಕಂಟೇನರಿನ ಭಾರವೆಲ್ಲ ಮೂಲೆಯ ಕಂಬಗಳಿಗೆ ಇಳಿಯುವುದರಿಂದ ಮಧ್ಯಕ್ಕೆ ಆಧಾರ ಬೇಕಿಲ್ಲ, ಹಡಗಿನಲ್ಲಿ ಒಂದರ ಮೇಲೊಂದು ಎಂಟೊಂಬತ್ತು ಪೇರಿಸಿದರೂ ಕೆಳಗಿನದು ನಿಲ್ಲುವುದು ಇದೇ ಬಲದಿಂದ. ಇದೆಲ್ಲ ಊಟದ ಹೊತ್ತಿನಲ್ಲಿ ನನಗೆ ಬಾಯಿಪಾಠವಾಗಿತ್ತು. ಪಾಠದಲ್ಲಿ ಬಾರದ್ದು ಒಂದೇ: ಕುತ್ತಿಗಳು ಒಂದೇ ಮಟ್ಟದಲ್ಲಿರಬೇಕು. ಡಬ್ಬಿ ಇಳಿಸಿ, ಕ್ರೇನಿನವನಿಗೆ ದುಡ್ಡು ಕೊಟ್ಟು, ತೆಂಗಿನಕಾಯಿ ಒಡೆದು, ಬಾಗಿಲಿಗೆ ಕೈಹಾಕಿದರೆ ಬಾಗಿಲಿಲ್ಲ! ಅಂದರೆ ಉಂಟು, ತೆರೆಯುವುದಿಲ್ಲ. ಇವರು ಹಿಡಿಕೆಗೆ ಜೋತುಬಿದ್ದರು. ಮಾಷ್ಟ್ರು ಇವರಿಗೆ ಜೋತುಬಿದ್ದರು.

ಕೊನೆಗೆ ಬಂದ ವೆಲ್ಡರಣ್ಣ ಏನನ್ನೂ ಎಳೆಯಲಿಲ್ಲ. ಕುಕ್ಕರಗಾಲಲ್ಲಿ ಕುಳಿತು ಎರಡು ಬಾಗಿಲ ನಡುವಿನ ಸಂದನ್ನು ನೋಡಿದ. ಮೇಲೆ ಬೆರಳು ಹೋಗುತ್ತಿತ್ತು, ಕೆಳಗೆ ಬ್ಲೇಡೂ ಹೋಗುತ್ತಿರಲಿಲ್ಲ. "ಡಬ್ಬಿ ತಿರುಚಿದೆ ಸರ್. ಬಾಗಿಲಿಗೆ ಏನೂ ಆಗಿಲ್ಲ" ಎಂದವನು ಲೆವೆಲ್ ಪೈಪಿಗೆ ನೀರು ತುಂಬಿಸಿ ಮೂಲೆಯಿಂದ ಮೂಲೆಗೆ ಹಿಡಿದ. ಒಂದು ಮೂಲೆ ಹೆಬ್ಬೆರಳಿನಷ್ಟು ಕೂತಿತ್ತು. ಅಲ್ಲಿಗೆ ಲಾರಿಯ ಜಾಕ್ ಕೊಟ್ಟು ಎತ್ತಿ, ಅಡಿಗೆ ಕಬ್ಬಿಣದ ತಗಡು ತುರುಕಿದ. ಆಮೇಲೆ ಎಡಗೈಯಲ್ಲಿ ಹಿಡಿಕೆ ತಿರುಗಿಸಿದ. ಬಲಗೈಯಲ್ಲಿ ಬೀಡಿ ಇತ್ತು.

ಒಳಗೆ ಗುಡಿಸುವಾಗ ಮೂಲೆಯಲ್ಲಿ ಒಂದು ಹಿಡಿ ಹಸಿ ಗೇರುಬೀಜ ಸಿಕ್ಕಿತು. ಆಫ್ರಿಕಾದಿಂದ ನಮ್ಮ ಕಾರ್ಖಾನೆಗಳಿಗೆ ಬರುವ ಮಾಲಿರಬೇಕು. ಸುಟ್ಟು ತಿನ್ನುವ ಎಂದು ಅತ್ತೆ ಸೆರಗಿಗೆ ಹಾಕಿಕೊಂಡಾಗಿತ್ತು. ಇವರು ಓಡಿಬಂದು ಕಸಿದುಕೊಂಡರು. ಡಬ್ಬಿಯ ನೆಲಕ್ಕೆ ಹಾಕಿದ ಪ್ಲೈವುಡ್ಡಿಗೆ ಹುಳ ಹಿಡಿಯದಂತೆ ಮದ್ದು ಕೊಟ್ಟಿರುತ್ತಾರೆ, ಬಾಗಿಲಿನ ತಗಡಿನಲ್ಲಿ ಹಾಗೆಂದು ಬರೆದೂ ಉಂಟು. ಅಷ್ಟು ದೂರದಿಂದ ಬಂದ ಬೀಜ ಹಾಗೆ ಹೊಂಡಕ್ಕೆ ಹೋಯಿತೆಂದು ಅತ್ತೆ ಎರಡು ದಿನ ಮಗನ ಹತ್ತಿರ ಮಾತಾಡಲಿಲ್ಲ.

ಎರಡು ದಿನ ಕಳೆದ ಮೇಲೆಯೂ ಮಾತಾಡಲಿಲ್ಲ, ಬದಲಿಗೆ ಬೀಗ ಹಾಕಿದರು. ಬೇಕೆಂದು ಅಲ್ಲ. ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಡಬ್ಬಿಯ ಬಾಗಿಲು ತೆರೆದೇ ಇತ್ತು, ಹಾವುಗೀವು ಹೊಕ್ಕೀತೆಂದು ದೂಡಿ, ಹಿಡಿಕೆ ಒತ್ತಿ ಬಂದರು. ಎಂಬತ್ತಾದರೂ ತೆಂಗಿನಕಾಯಿ ಸುಲಿಯುವ ಕೈ. ಒಳಗೆ ಆ ತುದಿಯಲ್ಲಿ ಇವರು ಕಿವಿಗೆ ಹತ್ತಿ ಇಟ್ಟುಕೊಂಡು ಟಾರ್ಚಿನ ಬೆಳಕಿನಲ್ಲಿ ಗೋಡೆ ಅಳೆಯುತ್ತಿದ್ದರು.

ಕಂಟೇನರನ್ನು ಒಳಗಿನಿಂದ ತೆರೆಯಲಿಕ್ಕಾಗುವುದಿಲ್ಲ. ಸರಕು ತಾನಾಗಿ ಎದ್ದು ಬರುವುದಿಲ್ಲವಲ್ಲ, ಹಾಗಾಗಿ ಒಳಗೆ ಹಿಡಿಕೆಯೇ ಇಲ್ಲ. ಸುತ್ತ ಉಕ್ಕಿದ್ದರೆ ಫೋನಿಗೆ ಸಿಗ್ನಲ್ಲೂ ಇಲ್ಲ. ನಾನು ಅಡುಗೆಮನೆಯಲ್ಲಿ ಗಂಜಿಗೆ ಚಟ್ನಿ ಅರೆಯುತ್ತಿದ್ದೆ. ದೂರದಲ್ಲಿ ಡಮಡಮ ಕೇಳಿಸಿತು.

"ಇವತ್ತು ಆಟ ಎಲ್ಲಿ? ಚೆಂಡೆ ಕೇಳ್ತದೆ" ಎಂದರು ಅತ್ತೆ.

ನಾನೂ ಕಿವಿಗೊಟ್ಟೆ. ಯಾವ ಮೇಳದ್ದೋ ಏನೋ, ತಾಳವೇ ಇಲ್ಲ. "ಹೊಸ ಹುಡುಗ ಇರಬೇಕು, ತಪ್ಪುತ್ತಾ ಉಂಟು" ಎಂದೆ. ಗಂಜಿ ಬಡಿಸಿದ ಮೇಲೆ ಉಣ್ಣಲು ಜನ ಕಾಣದೆ ಹುಡುಕಿದಾಗಲೇ ಚೆಂಡೆ ಯಾವುದೆಂದು ತಿಳಿದದ್ದು. ಬಾಗಿಲು ತೆರೆದರೆ ಬೆವರಿನಲ್ಲಿ ಮಿಂದು, ಕೈಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದಾರೆ. ಗೋಡೆಯ ಮೇಲ್ಭಾಗದಲ್ಲಿ ಮಳೆಯೂ ಬೆಳಕೂ ನುಗ್ಗದ ಹಾಗೆ ಮುಚ್ಚಿಗೆ ಹಾಕಿದ ಸಣ್ಣ ಗಾಳಿಕಿಂಡಿ ಇದ್ದುದರಿಂದ ಉಸಿರಿಗೆ ತೊಂದರೆ ಆಗಿರಲಿಲ್ಲ. ಹೊರಗೆ ಬಂದು ಆಡಿದ ಮೊದಲ ಮಾತು: "ಥತ್, ಒಂದು ತೂತೂ ಇಲ್ಲ!"

ಅಲ್ಲಿಂದ ತೂತಿನ ಕಾಲ. ಕಡಲಿನ ನೀರು, ಗಾಳಿ, ಕಳ್ಳ ಯಾವುದೂ ಹೊಕ್ಕಬಾರದೆಂದು ಮಾಡಿದ ಪೆಟ್ಟಿಗೆ ಅದು. ಕೆಲಸದ ಕೋಣೆಗೋ ಗಾಳಿ ಬೇಕು, ಬೆಳಕು ಬೇಕು, ವಯರು ಬೇಕು, ಒಳಗೆ ಹೋದ ಮನುಷ್ಯ ಹೊರಗೆ ಬರಬೇಕು. ತೂತಿಲ್ಲ ಎಂದು ಹೆಚ್ಚು ಕೊಟ್ಟು ತಂದದ್ದಕ್ಕೆ ಈಗ ತೂತು ಕೊರೆಯಲು ಮತ್ತೆ ಹೆಚ್ಚು ಕೊಡುವುದು. ಬ್ಯಾಂಕಿನಲ್ಲಿ ಇಂಥ ಲೆಕ್ಕಕ್ಕೆ ಸಾಲ ಕೊಡುತ್ತಿದ್ದರೋ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಇವರ ಪ್ಲಾನಿನಲ್ಲಿ ಒಂದಿಡೀ ಗೋಡೆ ಮಾಯವಾಗಿತ್ತು. ಯಾವುದೋ ವಿಡಿಯೋದಲ್ಲಿ ಹಾಗಿತ್ತಂತೆ. ವೆಲ್ಡರಣ್ಣ ಗೋಡೆಯ ಮಡಿಕೆಗಳನ್ನು ತಟ್ಟಿ ತೋರಿಸಿದ. ಹೆಚ್ಚೆಂದರೆ ಎರಡು ಮಿಲಿಮೀಟರಿನ ಶೀಟು, ನೆಟ್ಟಗೆ ನಿಂತಿರುವುದು ಈ ಮಡಿಕೆಗಳಿಂದ. ಅಷ್ಟುದ್ದ ಕೊಯ್ದರೆ ಮೇಲಿನ ಪಟ್ಟಿ ಬಾಗುತ್ತದೆ. "ಮೊದಲು ಚೌಕ ಪೈಪಿನ ಫ್ರೇಮು ಕೂರಿಸುವ, ಆಮೇಲೆ ಕೊಯ್ಯುವ. ಒಂದು ಬಾಗಿಲು, ಎರಡು ಕಿಟಕಿ. ಬೇರೆ ಎಲ್ಲ ವಿಡಿಯೋದಲ್ಲಿ ನೋಡಿ ಸರ್." ಬಾಗಿಲು ಮೂಡು ದಿಕ್ಕಿಗೆ ಬರುತ್ತದೆಂದು ತಿಳಿದ ಅತ್ತೆ ವೆಲ್ಡರಣ್ಣನಿಗೆ ಅಂದಿನಿಂದ ಚಹಾದ ಜೊತೆ ಚಕ್ಕುಲಿ ಕೊಡಲು ಶುರುಮಾಡಿದರು. ಕೊಯ್ದು ತೆಗೆದ ಶೀಟಿಗೇ ಬಿಜಾಗರಿ ಹಾಕಿ ಬಾಗಿಲಾಯಿತು. ಒಳಗಿನಿಂದ ಚಿಲಕ, ಹೊರಗಿನಿಂದ ಚಿಲಕವಿಲ್ಲ. ಅದು ಇವರ ಷರತ್ತು.

ಕೊಯ್ಯುವ ದಿನ ಗ್ರೈಂಡರಿನ ಕಿಡಿ ಒಳಗೆ ನೆಲದಲ್ಲಿದ್ದ ಮರದ ಹುಡಿಗೆ ಬಿತ್ತು. ಹೊರಗಿದ್ದ ಗಂಡಸರಿಬ್ಬರಿಗೂ ಕಾಣಲಿಲ್ಲ, ಹೊಗೆ ಕಂಡದ್ದು ನನಗೆ. ಕೈಗೆ ಸಿಕ್ಕಿದ್ದು ದನಕ್ಕೆಂದು ಇಟ್ಟಿದ್ದ ಅಕ್ಕಚ್ಚಿನ ಬಾಲ್ದಿ. ಎತ್ತಿ ಸುರಿದೆ. ಬೆಂಕಿ ಆರಿತು. ಅಕ್ಕಿ ತೊಳೆದ ನೀರು, ಬಾಳೆಕಾಯಿ ಸಿಪ್ಪೆ, ಹಿಂಡಿ ಎಲ್ಲ ಪ್ಲೈವುಡ್ಡಿನ ಸಂದಿಗಿಳಿದು ವಾರಗಟ್ಟಲೆ ನಾತ ಬಂತು. ದಿನಾ ಸಂಜೆ ಹಟ್ಟಿಗೆ ಹೋಗಬೇಕಾದ ದನ ನೇರ ವರ್ಕ್‌ಶಾಪಿನ ಬಾಗಿಲಿಗೆ ಹೋಗಿ ನಿಂತು ಅಂಬಾ ಎನ್ನುತ್ತಿತ್ತು. ಇವರ ಕೆಲಸವನ್ನು ಅಷ್ಟು ಆಸಕ್ತಿಯಿಂದ ನೋಡಿದವರು ಮತ್ತೊಬ್ಬರಿಲ್ಲ.

ಬೇಸಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಉಕ್ಕಿನ ಡಬ್ಬಿಯೊಳಗೆ ಏನಾಗಬೇಕೋ ಅದಾಯಿತು. ಮಾಡಿಗೆ ಏಣಿ ಇಟ್ಟು ಹಲಸಿನ ಹಪ್ಪಳ ಹರಡಿದರೆ ಬೆಳಿಗ್ಗೆ ಹಾಕಿದ್ದು ಸಂಜೆಗೆ ಗರಿಗರಿ. ಆ ವರ್ಷದಷ್ಟು ಒಳ್ಳೆಯ ಹಪ್ಪಳ ನಮ್ಮಲ್ಲಿ ಮತ್ತೆ ಆಗಲಿಲ್ಲ. ಮೇಲೆ ನಾನು ಓಡಾಡುವಾಗ ತಗಡು ದಡ್ ದಡ್ ಎಂದು ಕೆಳಗೆ ಇವರ ಕೈ ನಡುಗುತ್ತಿತ್ತಂತೆ.

ಜೂನ್ ಬಂತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಊರು ನಮ್ಮದು. ಮೊದಲ ರಾತ್ರಿಯೇ ಕಿಟಕಿಯ ಮೇಲಂಚಿನಿಂದ ನೀರು ಬಂತು. ಅದಕ್ಕೆ ಸಿಲಿಕಾನ್ ಮೆತ್ತಿ, ಮೇಲೆ ತಗಡಿನ ಸೂರು ಮಾಡಿದ್ದಾಯಿತು. ಆದರೂ ಒಳಗೆ ತೊಟ್ಟಿಕ್ಕುವುದು ನಿಲ್ಲಲಿಲ್ಲ. ಮಾಡಿನಲ್ಲಿ ತೂತು ಹುಡುಕಿ ಹುಡುಕಿ ಸಾಕಾದ ಮೇಲೆ ತಿಳಿದದ್ದು, ಮಳೆ ಹೊರಗಿನದಲ್ಲ, ಒಳಗಿನದೇ. ರಾತ್ರಿ ತಗಡು ತಣಿಯುತ್ತದೆ, ಒಳಗಿನ ತೇವದ ಗಾಳಿ ಅದಕ್ಕೆ ತಾಗಿ ನೀರಾಗಿ ಇಳಿಯುತ್ತದೆ. ಹಡಗಿನವರು ಇದಕ್ಕೆ ಕಂಟೇನರ್ ಮಳೆ ಎಂದೇ ಹೇಳುತ್ತಾರಂತೆ. ಹೊರಗೆ ಒಂದು ಮಳೆ, ಒಳಗೊಂದು ಮಳೆ. ಉಳಿ, ಕೀಸುಳಿ, ಗರಗಸ ಎಲ್ಲ ಕುಂಕುಮ ಹಚ್ಚಿಕೊಂಡವು.

ಅದೇ ಸಮಯಕ್ಕೆ ನಮ್ಮ ಮನೆಯಲ್ಲಿ ಕಳ್ಳತನ ಶುರುವಾಯಿತು. ಅಡುಗೆಮನೆಯ ತೆಂಗಿನೆಣ್ಣೆ ಬಾಟ್ಲಿ ದಿನಾ ಒಂದಿಂಚು ಇಳಿಯುತ್ತಿತ್ತು. ದೇವರ ಕೋಣೆಯಲ್ಲಿ ಆರತಿಗೆ ಕರ್ಪೂರ ಇಲ್ಲ. ಕೆಲಸಕ್ಕೆ ಬರುವವಳ ಮೇಲೆ ಸಂಶಯ ಪಡುವಷ್ಟು ಕೆಟ್ಟವರಲ್ಲ ನಾವು, ಅವಳೇ ನಮ್ಮ ಮೇಲೆ ಸಂಶಯ ಪಟ್ಟಳು. ಒಂದು ದಿನ ಡಬ್ಬಿಯೊಳಗೆ ಹೋದರೆ ದೇವಸ್ಥಾನದ ಗರ್ಭಗುಡಿಯ ಪರಿಮಳ. ಉಳಿಗಳೆಲ್ಲ ಎಣ್ಣೆಸ್ನಾನ ಮಾಡಿ ಮಲಗಿವೆ, ಪೆಟ್ಟಿಗೆಯ ಪ್ರತಿ ಮೂಲೆಗೂ ಕರ್ಪೂರದ ಬಿಲ್ಲೆ. ತುಕ್ಕು ಹಿಡಿಯುವುದಿಲ್ಲವಂತೆ. "ನನ್ನ ದೇವರಿಗೆ ತುಕ್ಕು ಹಿಡಿದರೂ ಪರವಾಗಿಲ್ಲವಾ?" ಎಂದು ಅತ್ತೆ ಕೇಳಿದರು.

ಕೊನೆಗೆ ಡಬ್ಬಿಯ ಮೇಲೆ ಪೈಪು ನಿಲ್ಲಿಸಿ, ಎರಡಡಿ ಎತ್ತರ ಬಿಟ್ಟು, ಎಲ್ಲ ಕಡೆಗೂ ಚಾಚುವ ಹಾಗೆ ಶೀಟಿನ ಮಾಡು ಹಾಕಿದರು. ನಡುವೆ ಗಾಳಿಯಾಡಿ ಸೆಕೆ ಇಳಿಯಿತು. ಒಳಗೊಂದು ಎಕ್ಸಾಸ್ಟ್ ಫ್ಯಾನು, ರಾತ್ರಿಯಿಡೀ ಉರಿಯುವ ನೂರು ವ್ಯಾಟಿನ ಹಳೆ ಬಲ್ಬು. ಕಡಲಲ್ಲಿ ಕೊಡೆಯಿಲ್ಲದೆ ತಿರುಗಿದ ಡಬ್ಬಿಗೆ ಮೂಲ್ಕಿಯಲ್ಲಿ ಮನೆ ಕಟ್ಟಿಸಿಕೊಟ್ಟ ಹಾಗಾಯಿತು. ನನ್ನ ಹಪ್ಪಳದ ಅಂಗಳ ಹೋಯಿತು. ವರ್ಕ್‌ಶಾಪು ಮಾತ್ರ, ಒಪ್ಪಬೇಕು, ಚೆನ್ನಾಗಿ ಆಯಿತು. ಅಲ್ಲಿಂದ ಹುಟ್ಟಿದ ಮೊದಲ ಹೆರೆಮಣೆಯಲ್ಲಿ ಅತ್ತೆ ಈಗಲೂ ಕಾಯಿ ಹೆರೆಯುತ್ತಾರೆ. ಒಂದು ಕಾಲು ಗಿಡ್ಡ. ಅದರ ಅಡಿಗೂ ಒಂದು ತಗಡಿನ ಚೂರು ಉಂಟು.

ಆಷಾಢದಲ್ಲಿ ನಮ್ಮೂರಿನ ಹೆಂಗಸರ ದೊಡ್ಡ ಚಿಂತೆ ಬಟ್ಟೆ ಒಣಗಿಸುವುದು. ಒಲೆಯ ಮೇಲೆ, ಕುರ್ಚಿಯ ಬೆನ್ನಿಗೆ, ಫ್ಯಾನಿನ ಕೆಳಗೆ ಎಲ್ಲಿ ಹಾಕಿದರೂ ಮೂರನೆಯ ದಿನ ಮುಗ್ಗುಲು ವಾಸನೆ. ಈ ವರ್ಷ ಇವರಿಗೆ ಚಹಾ ಕೊಡಲು ಡಬ್ಬಿಯೊಳಗೆ ಹೋದವಳು ಬೆಚ್ಚಗಿನ, ಒಣಗಿದ ಗಾಳಿಯಲ್ಲಿ ನಿಂತು ಮೇಲೆ ನೋಡಿದೆ. ಸರಕು ಬಿಗಿಯಲು ಗೋಡೆಯುದ್ದಕ್ಕೂ ಸಾಲಾಗಿ ಕಬ್ಬಿಣದ ಬಳೆಗಳಿವೆ. ಇವುಗಳಿಂದ ಏನು ಮಾಡಬಹುದೆಂದು ಇವರಿಗೆ ಇನ್ನೂ ಹೊಳೆದಿರಲಿಲ್ಲ. ಸಂಜೆಗೆ ನೈಲಾನ್ ಹಗ್ಗ ಆ ಬಳೆಯಿಂದ ಈ ಬಳೆಗೆ, ಈ ಬಳೆಯಿಂದ ಆ ಬಳೆಗೆ.

ಮರುದಿನ ಇವರು ನನ್ನ ಇಳಕಲ್ ಸೀರೆಯನ್ನು ಸರಿಸಿಕೊಂಡು ಗರಗಸ ಹುಡುಕುತ್ತಿದ್ದರು.

"ವರ್ಕ್‌ಶಾಪಿನಲ್ಲಿ ಬಟ್ಟೆ ಒಣಗಿಸುವುದಾ?"

"ಅಡುಗೆಮನೆಯಲ್ಲಿ ಮರ ಕೀಸಲಿಲ್ಲವಾ?"

ಅಷ್ಟರಲ್ಲಿ ಮೂಡು ಬಾಗಿಲಲ್ಲಿ ಕೊಡೆ ಮಡಚಿದ ಸದ್ದು. ಮಾಷ್ಟ್ರು. ಒಂದು ಕೈಯಲ್ಲಿ ಬಾಲ್ದಿ.

"ಪುಳ್ಳಿಯ ಯೂನಿಫಾರ್ಮು ಮಾರಾಯ್ರೆ, ನಾಳೆಗೆ ಬೇಕಂತೆ. ಒಂದು ಬಳೆ ಖಾಲಿ ಉಂಟಾ?"