ಡರ್ಟಿ ವಾರ್ಸ್: ಆಸ್ಕರ್ ಬಂದಿಲ್ಲ, ಗಾರ್ದೇಜ್ ಕಟ್ಟುಕಥೆಯೂ ಅಲ್ಲ

‘ಆಸ್ಕರ್ ಗೆದ್ದ ಡರ್ಟಿ ವಾರ್ಸ್ ಸಾಕ್ಷ್ಯಚಿತ್ರದ ಗಾರ್ದೇಜ್ ಪ್ರಕರಣ ಕಟ್ಟುಕಥೆ, ಆ ಹೆಂಗಸರನ್ನು ಕೊಂದವರು ಮನೆಯವರೇ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಎರಡೂ ತಪ್ಪು. 2013ರ ಈ ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು, ಅಷ್ಟೇ. ಅದು ಹೋಗಲಿ.

2010ರ ಫೆಬ್ರುವರಿ 12ರ ನಸುಕಿನಲ್ಲಿ ಅಫ್ಗಾನಿಸ್ತಾನದ ಗಾರ್ದೇಜ್ ಬಳಿ, ಮಗುವಿನ ನಾಮಕರಣದ ಸಂಭ್ರಮವಿದ್ದ ಮನೆಯ ಮೇಲೆ ಅಮೆರಿಕದ ವಿಶೇಷ ಪಡೆ ದಾಳಿ ಮಾಡಿತು. ಸತ್ತವರು ಐವರು: ಒಬ್ಬ ಪೊಲೀಸ್ ಅಧಿಕಾರಿ, ಆತನ ಸಹೋದರನಾದ ಸರ್ಕಾರಿ ವಕೀಲ, ಮೂವರು ಮಹಿಳೆಯರು. ಅವರಲ್ಲಿ ಇಬ್ಬರು ಗರ್ಭಿಣಿಯರು. ಮಹಿಳೆಯರು ಕಟ್ಟಿಹಾಕಿದ ಸ್ಥಿತಿಯಲ್ಲಿ ಮೊದಲೇ ಸತ್ತುಬಿದ್ದಿದ್ದರು ಎಂದು ಆಗ ಹೇಳಿದ್ದು ಅಮೆರಿಕವೂ ಇರುವ ಸೇನಾ ಒಕ್ಕೂಟ ನ್ಯಾಟೊ. ಈಗಿನ ಸಂದೇಶ ಆ ಹಳಸಲನ್ನೇ ಬಿಸಿಮಾಡಿ ಬಡಿಸುತ್ತಿದೆ. ಆ ಮಹಿಳೆಯರ ಸಾವಿಗೆ ತನ್ನ ಪಡೆಗಳೇ ಕಾರಣ ಎಂದು ಏಪ್ರಿಲ್‌ನಲ್ಲಿ ನ್ಯಾಟೊ ತಾನೇ ತಪ್ಪೊಪ್ಪಿಕೊಂಡಿತು. ಅದೇ ತಿಂಗಳು ಅಮೆರಿಕದ ಜಂಟಿ ವಿಶೇಷ ಕಾರ್ಯಾಚರಣೆಗಳ ಕಮಾಂಡ್‌ನ ಅಂದಿನ ಮುಖ್ಯಸ್ಥ ವಿಲಿಯಂ ಮೆಕ್‌ರೇವನ್, ಕ್ಷಮೆ ಕೇಳುವ ಅಲ್ಲಿನ ಪದ್ಧತಿಯಂತೆ ಕುರಿಗಳೊಂದಿಗೆ ಆ ಮನೆಯ ಬಾಗಿಲಿಗೆ ಹೋಗಿ ಕ್ಷಮೆ ಕೇಳಿದರು.