ಮೊದಲು ನಾಯಿ ತಿನ್ನಲಿ, ಆಮೇಲೆ ಲ್ಯಾಬ್ ರಿಪೋರ್ಟ್

ಅಮೆರಿಕದ ನಾಯಿಗಳ ಯೋಗ ನೋಡಿ ಸ್ವಾಮಿ! ಕಾಳಿಗೆ ಹಿಡಿಯುವ ಬೂಸ್ಟಿನ, ಲಿವರ್ ತಿನ್ನುವ ವಿಷವಾದ ಅಫ್ಲಾಟಾಕ್ಸಿನ್ ವಿಷಯದಲ್ಲಿ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮನುಷ್ಯನನ್ನೂ ನಾಯಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಇಬ್ಬರ ಆಹಾರಕ್ಕೂ ಮಿತಿ 20 ಪಿಪಿಬಿ, ಅಂದರೆ ನೂರು ಕೋಟಿ ಪಾಲಿನಲ್ಲಿ 20 ಪಾಲು. ಕಸಾಯಿಖಾನೆಗೆ ಕೊಬ್ಬಿಸುವ ದನದ ಮೇವಿಗೆ ಮಾತ್ರ 300. ಹೇಗೂ ಹೋಗುವ ಜೀವ, ಅದರ ಲಿವರ್ ಯಾರು ಕೇಳುತ್ತಾರೆ?

ಪಂಕ್ತಿಯೇನೋ ಒಂದೇ, ಬಡಿಸಿದ್ದು ಬೇರೆ. 2020ರ ಡಿಸೆಂಬರ್ 30ರಂದು ಮಿಡ್‌ವೆಸ್ಟರ್ನ್ ಕಂಪನಿ ಸ್ಪೋರ್ಟ್‌ಮಿಕ್ಸ್ ಎಂಬ ನಾಯಿ ತಿಂಡಿಯ ಚೀಲಗಳನ್ನು ವಾಪಸ್ ಕರೆದಾಗ ಒಂದು ಮಾದರಿಯಲ್ಲಿ ಸಿಕ್ಕಿದ್ದು 558 ಪಿಪಿಬಿ. ಚೀಲವನ್ನು ವಾಪಸ್ ಕರೆಯಬಹುದು, ಸತ್ತ ನಾಯಿಯನ್ನಲ್ಲ. ಮುಂದಿನ ಆಗಸ್ಟ್ ಹೊತ್ತಿಗೆ 130ಕ್ಕೂ ಹೆಚ್ಚು ಸಾಕುಪ್ರಾಣಿಗಳ ಸಾವಿನ ವರದಿ ಬಂದಿತ್ತು. ಆಗ ಎಫ್‌ಡಿಎ ಎಚ್ಚರಿಕೆ ಪತ್ರ ಬರೆಯಿತು. ಪತ್ರ ಬಹಳ ಖಡಕ್ಕಾಗಿತ್ತು ಬಿಡಿ.

ಬೂಸ್ಟು ಚೀಲದ ತುಂಬ ಸಮನಾಗಿ ಹರಡಿಕೊಳ್ಳುವುದಿಲ್ಲ. ಸಾವಿರಾರು ಕಾಳಿನಲ್ಲಿ ಎಲ್ಲೋ ಒಂದೆರಡು ವಿಷದ ಗಡಿಗೆಯಾಗಿರುತ್ತವೆ. ಮೇಲಿನಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ರಿಪೋರ್ಟ್ ಹಾಲಿನಂತೆ ಶುಭ್ರ. ಹತ್ತಾರು ಕಡೆಯಿಂದ ತೆಗೆದು, ಒಟ್ಟಿಗೆ ಪುಡಿ ಮಾಡಿ ನೋಡಬೇಕು. ನಾವು ಇವತ್ತು ಉಪ್ಪಿಟ್ಟು, ನಾಳೆ ದೋಸೆ ತಿನ್ನುತ್ತೇವೆ. ನಾಯಿಗೆ ತಿಂಗಳುಗಟ್ಟಲೆ ಅದೇ ಚೀಲ. ವಾಂತಿ, ಹಳದಿ ಬಿದ್ದ ವಸಡು ಕಂಡಾಗ ಲಿವರ್ ಅರ್ಧ ಹೋಗಿರುತ್ತದೆ.

ನಮ್ಮ ಮನೆಗಳಲ್ಲಿ ಲ್ಯಾಬೂ ಬೇಡ. 'ಮುಗ್ಗಲು ವಾಸನೆ ಬರ್ತಿದೆ, ನಾಯಿಗೆ ಹಾಕು!' ಮುಗ್ಗಿದ ಶೇಂಗಾ ಹಿಂಡಿ ಹಸುವಿಗೆ. ಹಸು ಬಹಳ ಪ್ರಾಮಾಣಿಕ ಪ್ರಾಣಿ, ತಿಂದ ವಿಷದಲ್ಲಿ ಒಂದು ಪಾಲನ್ನು ಅಫ್ಲಾಟಾಕ್ಸಿನ್ ಎಂ1 ಎಂಬ ಹೆಸರಿನಲ್ಲಿ ಹಾಲಲ್ಲಿ ವಾಪಸ್ ಕೊಡುತ್ತದೆ. ಇನ್ನು ಶೇಂಗಾ ಸುಲಿಯುವ ಯಂತ್ರದ ಮುಂದೆ ನಡೆಯುವ ಅಭಿಷೇಕ. ಬಿಸಿಲಿಗೆ ಹರಡಿ, ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಎನ್ನುವ ತನಕ, ತೇವ ಶೇಕಡಾ 8ಕ್ಕೆ ಇಳಿಯುವ ತನಕ ಒಣಗಿಸಿದ ಕಾಯಿ. ಕಾಳು ಒಡೆದರೆ ರೇಟು ಬೀಳುತ್ತದೆಂದು ಅದಕ್ಕೇ ನೀರು ಚಿಮುಕಿಸಿ, ಸುಲಿದು, ಹಸಿ ಆರುವ ಮೊದಲೇ ಚೀಲಕ್ಕೆ ತುಂಬುತ್ತಾರೆ. ಬೂಸ್ಟಿಗೆ ಇನ್ನೇನು ಬೇಕು, ತಾಂಬೂಲವೇ?

ಹುರಿದರೆ ಸರಿಹೋಗುತ್ತದೆ ಅನ್ನುವವರು ಸಿಗುತ್ತಾರೆ. ಬೂಸ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ಇದೇನು ಹೊಸ ಸಂಶೋಧನೆಯೇ? 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಈ ವಿಷ ಪತ್ತೆಯಾದದ್ದೇ ಆ ಹೆಣಗಳಿಂದ. ಅರವತ್ತು ವರ್ಷ ಕಳೆದರೂ ಮೊದಲು ತಿನ್ನಿಸಿ, ಆಮೇಲೆ ಎಣಿಸುತ್ತಿದ್ದೇವೆ. ಸಾಕಾಗಿದೆ.

ಪೊಟ್ಟಣದ ಕೊನೆಯ ಕಾಳು ಸುಕ್ಕಾಗಿದ್ದು ಕಹಿ ಬಂದರೆ ಉಗಿಯಿರಿ. ಬಾಲ ಅಲ್ಲಾಡಿಸುತ್ತ ನಿಂತವನ ಕಡೆಗೆ ಮಾತ್ರ ಬೇಡ.