ಪಿಕಪ್‌ಗೆ ಸ್ಟೇರಿಂಗ್ ಪಕ್ಕದ ಗೇರೇ ಸರಿ

ಹೋದ ತಿಂಗಳು ಗೆಳೆಯನ ಹೊಸ ಪಿಕಪ್ ತೆಗೆದುಕೊಂಡು ಹೋಗಿದ್ದೆ. ಹಿಂದೆ ಟ್ರೈಲರ್ ಕಟ್ಟಿತ್ತು, ಅದನ್ನು ಇಕ್ಕಟ್ಟಾದ ಒಂದು ಗೇಟಿನೊಳಗೆ ಹಿಮ್ಮುಖವಾಗಿ ನುಗ್ಗಿಸಬೇಕಿತ್ತು. ಆ ಗಾಡಿಯಲ್ಲಿ ಗೇರ್‌ಗೆ ಲಿವರ್ ಇಲ್ಲ. ಡ್ಯಾಶ್‌ಬೋರ್ಡ್ ಮೇಲೆ ದುಂಡನೆಯ ಒಂದು ಡಯಲ್. ಅದರಿಂದ ಒಂದು ಗೇಣು ಆಚೆ ಎಸಿ ಫ್ಯಾನಿನ ಡಯಲ್, ಅದೂ ದುಂಡಗೇ ಇದೆ. ಕಣ್ಣು ಕನ್ನಡಿಯಲ್ಲಿ ಇತ್ತು, ಕೈ ಚಾಚಿ ತಿರುಗಿಸಿದೆ. ಫ್ಯಾನ್ ಜೋರಾಯಿತು. ಗೇರ್ ಡ್ರೈವ್‌ನಲ್ಲೇ ಉಳಿಯಿತು. ಬ್ರೇಕಿನಿಂದ ಕಾಲು ತೆಗೆದಾಗ ಗಾಡಿ ಮುಂದಕ್ಕೆ ಜರುಗಿತು. ಎದುರಿಗೆ ಯಾರೂ ಇರಲಿಲ್ಲ, ಏನೂ ಆಗಲಿಲ್ಲ. ಆದರೆ ಎದೆ ಧಸಕ್ ಅಂದಿದ್ದು ಮಾತ್ರ ಇನ್ನೂ ನೆನಪಿದೆ.

ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಪಿಕಪ್ ಕೊಳ್ಳುವಾಗ ನಾವು ಎಂಜಿನ್ ಕೇಳುತ್ತೇವೆ, ಎಷ್ಟು ಭಾರ ಎಳೆಯುತ್ತದೆ ಎಂದು ಕೇಳುತ್ತೇವೆ, ಸ್ಕ್ರೀನ್ ಎಷ್ಟು ದೊಡ್ಡದು ಎಂದು ನೋಡುತ್ತೇವೆ. ಗೇರ್ ಎಲ್ಲಿದೆ, ಹೇಗಿದೆ ಅನ್ನುವುದನ್ನು ಮಾತ್ರ ಸುಮ್ನೆ ಒಪ್ಪಿಕೊಂಡುಬಿಡುತ್ತೇವೆ. ದಿನಕ್ಕೆ ನೂರು ಸಲ ಮುಟ್ಟುವ ವಸ್ತು ಅದು! ಮೇಲಾಗಿ ಗಾಡಿಯ ಒಳಗಿನ ಇಡೀ ಜೋಡಣೆ ಅದರ ಮೇಲೇ ನಿಂತಿದೆ.

ಟ್ರೈಲರ್ ಹಿಮ್ಮುಖ ಹಾಕಿದವರಿಗೆ ಈ ಕಷ್ಟ ಗೊತ್ತು. ರಿವರ್ಸ್, ಸ್ವಲ್ಪ ಹಿಂದೆ, ವಾಲಿತು, ಡ್ರೈವ್, ಸ್ವಲ್ಪ ಮುಂದೆ, ಮತ್ತೆ ರಿವರ್ಸ್. ಒಂದು ಗೇಟು ದಾಟುವಷ್ಟರಲ್ಲಿ ಹತ್ತು ಹನ್ನೆರಡು ಸಲ ಗೇರ್ ಬದಲಾಗುತ್ತದೆ. ಅಷ್ಟು ಹೊತ್ತೂ ಕಣ್ಣು ಎಡಗನ್ನಡಿ, ಬಲಗನ್ನಡಿ, ಹಿಂದಿನ ಕಿಟಕಿ ಅಂತ ಓಡಾಡುತ್ತಲೇ ಇರಬೇಕು. ಆ ಹೊತ್ತಿನಲ್ಲಿ ಗೇರ್ ಕೈಗೇ ತಿಳಿಯಬೇಕು. ಸ್ಟೇರಿಂಗ್ ಕಾಲಂನಿಂದ, ಅಂದರೆ ಸ್ಟೇರಿಂಗ್ ಚಕ್ರ ಕೂತಿರುವ ಕಂಬದಿಂದ, ಹೊರಟ ಲಿವರ್ ಆದರೆ ತಿಳಿಯುತ್ತದೆ. ನಿಮ್ಮ ಕಡೆಗೆ ಎಳೆದು ಒಂದು ಮೆಟ್ಟಿಲು ಕೆಳಗೆ, ರಿವರ್ಸ್. ಇನ್ನೆರಡು ಮೆಟ್ಟಿಲು ಕೆಳಗೆ, ಡ್ರೈವ್. ಪೂರ್ತಿ ಮೇಲೆ ತಳ್ಳಿದರೆ ಪಾರ್ಕ್, ಅಂದರೆ ನಿಂತ ಗಾಡಿ ಉರುಳದಂತೆ ಹಿಡಿಯುವ ಜಾಗ. ಗೇರ್‌ಬಾಕ್ಸನ್ನು ಕೇಬಲ್‌ನಿಂದ ಎಳೆಯುವ ಹಳೆಯ ಲಿವರ್ ಆದರಂತೂ ಲಿವರ್ ನಿಂತ ಜಾಗವೇ ಗೇರ್ ಯಾವುದು ಎಂದು ಹೇಳುತ್ತದೆ. ಎರಡು ವಾರ ಓಡಿಸಿದರೆ ಕೈಗೆ ಕೂತುಬಿಡುತ್ತದೆ.

ಇದರ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಗೇರ್ ಲಿವರ್ ನೆಲ ಬಿಟ್ಟು ಸ್ಟೇರಿಂಗ್ ಪಕ್ಕಕ್ಕೆ ಏರಿದ್ದು 1938ರ ಸುಮಾರಿಗೆ, ಪಾಂಟಿಯಾಕ್, ಕ್ಯಾಡಿಲಾಕ್ ಕಾರುಗಳಲ್ಲಿ. ಕಾರಣ ತುಂಬಾ ಸರಳ. ನೆಲದ ನಡುವೆ ಕೋಲು ನಿಂತಿದ್ದರೆ ಮೂರನೆಯವರು ಕಾಲಿಡುವುದೆಲ್ಲಿ? ಕೋಲು ಮೇಲೆ ಹೋಯಿತು, ಮುಂದಿನ ಬೆಂಚ್ ಸೀಟಿನಲ್ಲಿ ಮೂರು ಜನ ಆರಾಮವಾಗಿ ಕೂತರು. ಪಿಕಪ್‌ಗಳು ಈ ಪದ್ಧತಿಯನ್ನು ಗಟ್ಟಿಯಾಗಿ ಹಿಡಿದುಕೊಂಡವು. ಕ್ಲಚ್ ಒತ್ತಿ ಸ್ಟೇರಿಂಗ್ ಪಕ್ಕದಲ್ಲೇ ಮೂರು ಗೇರ್ ಬದಲಿಸುವ ‘ತ್ರೀ ಆನ್ ದ ಟ್ರೀ’ ಷೆವರ್ಲೆ ಪಿಕಪ್‌ಗಳಲ್ಲಿ 1987ರವರೆಗೂ ಬಂತು. ಕಾರುಗಳು ಅದನ್ನು ಬಿಟ್ಟು ಆಗಲೇ ಎಷ್ಟೋ ವರ್ಷವಾಗಿತ್ತು.

ಆಟೊಮ್ಯಾಟಿಕ್ ಗೇರ್ ಬಂದ ಹೊಸತರಲ್ಲಿ ಎಲ್ಲ ಗಾಡಿಗೂ ಒಂದೇ ಕ್ರಮ ಇರಲಿಲ್ಲ. 1940ರ ಮಾಡೆಲ್‌ನ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಬಂದ ಹೈಡ್ರಾಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರಿನಲ್ಲಿ ಪಾರ್ಕ್ ಅನ್ನುವುದೇ ಇರಲಿಲ್ಲ. ರಿವರ್ಸ್ ಕೊನೆಯಲ್ಲಿ, ಲೋ ಗೇರಿನ ಪಕ್ಕದಲ್ಲೇ ಇತ್ತು. ಒಂದು ಗಾಡಿಯಿಂದ ಇನ್ನೊಂದಕ್ಕೆ ಹತ್ತಿದವರ ಕೈ ತಪ್ಪುವುದು ಸಹಜ ಅಲ್ವಾ? ಕೊನೆಗೆ ಅಮೆರಿಕ 1968ರಲ್ಲಿ ಒಂದು ನಿಯಮ ಜಾರಿಗೆ ತಂದಿತು. ಮುಂದಿನ ಗೇರಿಗೂ ರಿವರ್ಸ್‌ಗೂ ನಡುವೆ ನ್ಯೂಟ್ರಲ್ ಇರಲೇಬೇಕು. ಸ್ಟೇರಿಂಗ್ ಕಾಲಂನ ಲಿವರ್ ಆದರೆ ನ್ಯೂಟ್ರಲ್‌ನಿಂದ ಡ್ರೈವ್‌ಗೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗಬೇಕು. ಈ ಎರಡನೇ ಮಾತು ನನಗೆ ತುಂಬಾ ಇಷ್ಟ. ಯಾರ ಗಾಡಿಗೆ ಹತ್ತಿದರೂ ಕೈಗೆ ಹೊಸ ಪಾಠ ಬೇಡ ಎಂದು ಯಾರೋ ಕೂತು ಯೋಚಿಸಿದ್ದಾರೆ.

ಈಗ ನೋಡಿ. ರ‍್ಯಾಮ್ 1500 ಪಿಕಪ್‌ಗೆ 2013ರ ಮಾಡೆಲ್‌ನಲ್ಲಿ ಡಯಲ್ ಬಂತು. ಹೋಂಡಾ ರಿಡ್ಜ್‌ಲೈನ್‌ನಲ್ಲಿ ಬಟನ್‌ಗಳು. ಟೆಸ್ಲಾ ಸೈಬರ್‌ಟ್ರಕ್‌ನಲ್ಲಿ ಟಚ್‌ಸ್ಕ್ರೀನ್ ಮೇಲೆ ಬೆರಳು ಜಾರಿಸಬೇಕು. ಎಳೆಯುವ ಕೇಬಲ್ ಹೋಗಿ ವಿದ್ಯುತ್ ಸಂಕೇತ ಕಳಿಸುವ ವೈರ್ ಬಂದ ಮೇಲೆ ಗೇರ್ ಸ್ವಿಚ್ಚನ್ನು ಎಲ್ಲಿ ಬೇಕಾದರೂ ಇಡಬಹುದು. ಇಡಬಹುದು ಎಂದ ಮಾತ್ರಕ್ಕೆ ಇಟ್ಟುಬಿಡುವುದೇ ನನಗೆ ಒಪ್ಪಿಗೆಯಾಗದ್ದು. ಗಾಜಿನ ಮೇಲೆ ಬೆರಳಿಗೆ ಏನು ಸಿಗುತ್ತದೆ? ಅಂಚಿಲ್ಲ, ಮೆಟ್ಟಿಲಿಲ್ಲ. ಕೆಲಸದ ಗ್ಲೌಸ್ ಹಾಕಿಕೊಂಡಿದ್ದರೆ ಬೆರಳು ಜಾರಿಸುವುದೂ ಕಷ್ಟ.

ಇದು ಬರೀ ರುಚಿಯ ಪ್ರಶ್ನೆ ಅಲ್ಲ. ತಳ್ಳಿ ಬಿಟ್ಟರೆ ಮತ್ತೆ ನಡುವಿಗೇ ಬಂದು ನಿಲ್ಲುವ ಒಂದು ಬಗೆಯ ಎಲೆಕ್ಟ್ರಾನಿಕ್ ಲಿವರ್ ಇದೆ. ಪಾರ್ಕ್‌ನಲ್ಲೂ ಅದೇ ಜಾಗ, ರಿವರ್ಸ್‌ನಲ್ಲೂ ಅದೇ ಜಾಗ. ಪಾರ್ಕ್‌ಗೆ ಹಾಕಿದೆವು ಎಂದುಕೊಂಡು ಜನ ಇಳಿದರು, ಗಾಡಿ ತಾನೇ ಉರುಳಿತು. 2016ರಲ್ಲಿ ಫಿಯಟ್ ಕ್ರೈಸ್ಲರ್ ಕಂಪನಿ ಸುಮಾರು 11 ಲಕ್ಷ ಗಾಡಿಗಳನ್ನು ಇದೇ ಕಾರಣಕ್ಕೆ ವಾಪಸ್ ಕರೆಸಿತು. ಅವು ಪಿಕಪ್‌ಗಳಲ್ಲ, ಕಾರು ಮತ್ತು ಎಸ್‌ಯುವಿಗಳು. ನಟ ಆಂಟನ್ ಯೆಲ್ಚಿನ್ ಅದೇ ವರ್ಷದ ಜೂನ್‌ನಲ್ಲಿ ತೀರಿಕೊಂಡರು. ಅವರ ಮೇಲೆ ಉರುಳಿ ಬಂದ ಅವರದೇ ಗಾಡಿ ಆ ಪಟ್ಟಿಯಲ್ಲಿತ್ತು. ಅವರಿಗೆ ಬರೀ 27 ವರ್ಷ.

ಕಾಲಂ ಲಿವರ್‌ಗೆ ದೋಷವೇ ಇಲ್ಲ ಎಂದು ನಾನು ಹೇಳುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಇದೇ ಕಂಪನಿ ಕಾಲಂ ಲಿವರ್ ಇರುವ ಸುಮಾರು 18 ಲಕ್ಷ ರ‍್ಯಾಮ್ ಪಿಕಪ್‌ಗಳನ್ನೂ ವಾಪಸ್ ಕರೆಸಿತ್ತು. ಬ್ರೇಕ್ ಒತ್ತದಿದ್ದರೂ ಲಿವರ್ ಪಾರ್ಕ್‌ನಿಂದ ಜಾರುವ ಸಾಧ್ಯತೆ ಇತ್ತು. ಇನ್ನೊಂದು ಕಡೆ, ಬಾಗಿಲು ತೆರೆದರೆ ತಾನಾಗಿ ಪಾರ್ಕ್‌ಗೆ ಬೀಳುವ ವ್ಯವಸ್ಥೆ ಎಲೆಕ್ಟ್ರಾನಿಕ್ ಗೇರಿನಲ್ಲಿ ಸುಲಭ, ಅದು ಒಳ್ಳೆಯದೇ. ವೈರ್ ಬೇಡ ಎನ್ನುವುದಲ್ಲ ನನ್ನ ವಾದ. ವೈರ್ ಒಳಗಿರಲಿ, ಕೈಗೆ ಸಿಗುವುದು ಲಿವರ್ ಆಗಿರಲಿ. ಷೆವರ್ಲೆ ಸಿಲ್ವರಾಡೊದ ಬೆಂಚ್ ಸೀಟಿನ ಮಾಡೆಲ್‌ಗಳಲ್ಲಿ ಕಾಲಂ ಲಿವರ್ ಇನ್ನೂ ಉಳಿದಿದೆ. ರಿವಿಯನ್‌ನಂಥ ಹೊಸ ಎಲೆಕ್ಟ್ರಿಕ್ ಪಿಕಪ್ ಕೂಡ ಗೇರನ್ನು ಸ್ಟೇರಿಂಗ್ ಪಕ್ಕದ ಕಡ್ಡಿಗೇ ಕೊಟ್ಟಿದೆ.

ಮುಂದಿನ ಎರಡು ಸೀಟುಗಳ ನಡುವಿನ ಪೆಟ್ಟಿಗೆಯ (ಕನ್ಸೋಲ್) ಮೇಲೆ ನಿಂತ ದಪ್ಪ ಲಿವರ್ ನೋಡಲು ಚೆಂದ, ಹಿಡಿಯಲೂ ಹಿತ. ಆದರೆ ಎಷ್ಟು ಜಾಗ ನುಂಗುತ್ತದೆ ನೋಡಿ. ಆಟೊಮ್ಯಾಟಿಕ್ ಗಾಡಿಯಲ್ಲಿ ಅಷ್ಟು ದೊಡ್ಡ ಕೋಲು ಬರೀ ನಾಲ್ಕು ಜಾಗಕ್ಕೆ ಓಡಾಡಲು ಇದೆ. ಫೋರ್ಡ್ ಎಫ್-150ರ 2021ರ ಮಾಡೆಲ್‌ನಲ್ಲಿ ಇದಕ್ಕೊಂದು ಜಾಣ ಉತ್ತರ ಕೊಟ್ಟರು. ಬಟನ್ ಒತ್ತಿದರೆ ಲಿವರ್ ಮಡಚಿಕೊಂಡು ಕನ್ಸೋಲ್ ಒಳಗೆ ಮಲಗುತ್ತದೆ. ಮೇಲೆ ಹಲಗೆ ಹಾಸಿದರೆ 15 ಇಂಚಿನ ಲ್ಯಾಪ್‌ಟಾಪ್ ಇಡುವಷ್ಟು ಮೇಜು ಸಿದ್ಧ. ಗಾಡಿಯಲ್ಲೇ ಲೆಕ್ಕ ಬರೆಯುವವರಿಗೆ, ಊಟ ಮಾಡುವವರಿಗೆ ಅದು ದೊಡ್ಡ ಅನುಕೂಲ. ಆದರೂ ಒಂದು ಲಿವರ್ ಮಡಚಲು ಮೋಟರ್ ಬೇಕಾಗಿದೆ ಎಂದರೆ ಅದು ಮೊದಲೇ ಬೇರೆ ಕಡೆ ಇರಬೇಕಿತ್ತು ಎಂದೇ ನನಗೆ ಅನಿಸುತ್ತದೆ.

ಕ್ಲಚ್ ಇರುವ ಮ್ಯಾನ್ಯುಯಲ್ ಗಾಡಿಯ ಮಾತು ಬೇರೆ. ಅಲ್ಲಿ ನೆಲದ ಕೋಲಿಗೆ ನಿಜವಾದ ಕೆಲಸ ಇದೆ. ಟೊಯೊಟಾ ಟಕೋಮಾದ 2024ರ ಹೊಸ ಪೀಳಿಗೆಯಲ್ಲೂ ಆರು ಗೇರಿನ ಮ್ಯಾನ್ಯುಯಲ್ ಉಳಿಸಿದ್ದಾರೆ, ಅದು ಸಂತೋಷದ ವಿಷಯ. ಆ ಕೋಲನ್ನು ಯಾರೂ ಮುಟ್ಟಬಾರದು.

ಒಳಗಿನ ಉಳಿದ ವಿಷಯಗಳಲ್ಲೂ ನನ್ನ ಆಸೆ ದೊಡ್ಡದೇನಲ್ಲ. ನೆಲಕ್ಕೆ ಕಾರ್ಪೆಟ್ ಬೇಡ, ರಬ್ಬರ್ ಹಾಸು ಸಾಕು. ಕೆಸರಾದರೆ ಒರೆಸಿಬಿಡಬಹುದು. ಎಸಿಗೆ, ವಾಲ್ಯೂಮ್‌ಗೆ ತಿರುಗಿಸುವ ದೊಡ್ಡ ಗುಂಡಿಗಳು ಬೇಕು. ಸ್ಕ್ರೀನ್ ಮ್ಯಾಪ್‌ಗೂ ಹಿಂದಿನ ಕ್ಯಾಮೆರಾಗೂ ಇರಲಿ. ಹಳೆಯ ಕಾಲಂ ಲಿವರ್‌ಗಳದ್ದು ಒಂದು ನಿಜವಾದ ತೊಂದರೆ ಇತ್ತು: ಡ್ರೈವ್‌ಗೋ ಲೋಗೋ ಇಳಿಸಿದಾಗ ರೇಡಿಯೊ ಗುಂಡಿಗೆ ಅಡ್ಡ ಬರುತ್ತಿತ್ತು. ಲಿವರ್ ಗಿಡ್ಡ ಮಾಡಿದರೆ ಅದೂ ಮುಗಿಯುತ್ತದೆ.

ಎಲ್ಲಕ್ಕಿಂತ ಜಾಸ್ತಿ ನಾನು ಕೇಳುವುದು ನಡುವಿನ ಸೀಟನ್ನು. ಮೂರು ಭಾಗದ ಬೆಂಚ್ ಇರುತ್ತದಲ್ಲ, ನಡುವಿನದನ್ನು ಮಡಚಿದರೆ ಕೈ ಊರುವ ದಿಂಬು, ಬಿಚ್ಚಿದರೆ ಮತ್ತೊಬ್ಬರಿಗೆ ಜಾಗ. ನಾನು ಚಿಕ್ಕವನಿದ್ದಾಗ ಕೂರುತ್ತಿದ್ದುದು ಅಲ್ಲೇ, ಅಪ್ಪ ಅಮ್ಮನ ನಡುವೆ. ಅಪ್ಪ ಲಿವರ್ ಎಳೆಯುವಾಗ ಅವರ ತೋಳು ನನ್ನ ತಲೆಯ ಮೇಲಿಂದ ಹೋಗುತ್ತಿತ್ತು. ಇಡೀ ರಸ್ತೆ ಕಾಣುತ್ತಿದ್ದ ಜಾಗ ಅದು. ಈಗಿನ ಹೆಚ್ಚಿನ ಪಿಕಪ್‌ಗಳಲ್ಲಿ ಆ ಜಾಗದಲ್ಲಿ ಎರಡು ಕಪ್ ಹೋಲ್ಡರ್ ಇವೆ, ಫೋನ್ ಚಾರ್ಜ್ ಮಾಡುವ ತಟ್ಟೆ ಇದೆ. ನನ್ನ ಮಗಳು ಹಿಂದಿನ ಸೀಟಿನಿಂದ ಕತ್ತು ಉದ್ದ ಮಾಡಿ ಎದುರಿನ ರಸ್ತೆ ನೋಡುತ್ತಾಳೆ.